ದೊರೆಗೆ ಗಾಳಿ ಸಾಲದು

ಪೆಮಾತಾಂಗ್ ಸಿಯಾಂತಾರ್,
ಮಾರುಕಟ್ಟೆ ಹಿಂದಿನ ಓಣಿ,
ಭಾನುವಾರ, ೨೨ ಆಗಸ್ಟ್ ೧೯೯೩

ಪ್ರೀತಿಯ ಅಬಾಂಗ್,

ಹೋರಾಸ್, ಕ್ಷೇಮವಾಗಿರಿ. ಮೊದಲು ನಿಮ್ಮ ಆರೋಗ್ಯದ ಮಾತು. ಬಲೆಯ ಹಗ್ಗ ಅಂಗೈ ಸೀಳಿದ್ದು ಮಾಯಿತೇ? ಉಪ್ಪುನೀರಿಗೆ ಗಾಯ ಬೇಗ ಒಣಗುತ್ತದೆ ಎಂದು ಬರೆದಿದ್ದಿರಿ. ಉಪ್ಪಿಗೆ ಒಣಗುವುದು ಮೀನು. ಗಂಡಸರ ಲೆಕ್ಕ ಬೇರೆ. ಹಡಗಿನ ಅಡುಗೆಯವನು ಈಗಲೂ ಅನ್ನವನ್ನು ಗಂಜಿ ಮಾಡಿ, ಗಂಜಿಯನ್ನು ಅಂಟು ಮಾಡಿ ಬಡಿಸುತ್ತಿದ್ದಾನೆಯೇ? ಹೊಟ್ಟೆ ನೋಡಿಕೊಳ್ಳಿ. ನಿಮ್ಮ ಕಾಗದ ತಲುಪಿತು. ಅದರ ಮೇಲೆ ಊರೂರಿನ ಮುದ್ರೆ, ಒಳಗೆ ಮೀನಿನ ವಾಸನೆ. ಪಕ್ಕದ ಮನೆಯ ಬಸಾರಿಯಾ ಅತ್ತೆ ಮೂಸಿ ನೋಡಿ, "ನಿನ್ನ ಗಂಡ ಚೆನ್ನಾಗಿದಾನೆ ಕಣೇ, ಇನ್ನೂ ತಾಜಾ ಇದಾನೆ" ಎಂದರು. ನಾನೂ ಚೆನ್ನಾಗಿದ್ದೇನೆ. ಛಾವಣಿ ಹಿಂಭಾಗದಲ್ಲಿ ಸೋರುತ್ತದೆ. ಕೋಳಿಗಳು ಇಟ್ಟ ಮೊಟ್ಟೆಗಿಂತ ಹಾಕಿದ ಕೂಗೇ ಹೆಚ್ಚು. ನಿಮ್ಮ ಅಪ್ಪನ ವಿಷಯ ಮುಂದೆ ಬರೆಯುತ್ತೇನೆ. ಮಾವ ಅಮಾಂಗ್ ವಿಷಯಕ್ಕೆ ಬರಬೇಕಾದರೆ ಮೊದಲು ದೊರೆಯ ವಿಷಯ ಹೇಳಬೇಕು. ಈಚೆಗೆ ನಮ್ಮ ಮನೆಯಲ್ಲಿ ಯಾವ ಮಾತಿಗೂ ಅವನನ್ನು ದಾಟಿ ಹೋಗುವ ದಾರಿಯಿಲ್ಲ.

ಯುದ್ಧ ಮುಗಿಸಿ ಹೊರಟ ಬಿಳಿ ಸೈನಿಕರು ಬಿಟ್ಟುಹೋದ ಬಿ.ಎಸ್.ಎ. ಮೋಟಾರ್ ಸೈಕಲ್ಲಿಗೆ ನಿಮ್ಮ ಅಜ್ಜ 'ದೊರೆ' ಎಂದು ಹೆಸರಿಟ್ಟಾಗ ಅದು ಬೈಗುಳವಾಗಿತ್ತಂತೆ: ದೊರೆಯಂತೆ ದೊರೆ, ಬಡವನ ಹೆಗಲಿಗೆ ಹೊರೆ. ಪಕ್ಕಕ್ಕೆ ತೊಟ್ಟಿಲು ಕಟ್ಟಿಸಿಕೊಂಡು, ಬೇಚಾ ಆಗಿ ಬಾಡಿಗೆಗೆ ಜನ ಹೊರುತ್ತಿದ್ದ ಆ ಹೊರೆಗೆ ನೀವು ಹಡಗು ಹತ್ತಿದ ಮೇಲೆ ಹೊಸ ಉದ್ಯೋಗವೂ ಸಿಕ್ಕಿದೆ. ನಿಮ್ಮ ಅಮ್ಮ ಇರುವವರೆಗೆ ಮಾವ-ಸೊಸೆಯ ನಡುವೆ ಅವರೇ ಅಂಚೆಯಾಗಿದ್ದರು. ಅತ್ತೆ ಮಣ್ಣಿಗೆ ಹೋದರು, ನೀವು ನೀರಿಗೆ ಹೋದಿರಿ. ಉಳಿದ ಇಬ್ಬರು ಒಬ್ಬರಿಗೊಬ್ಬರು ನೇರ ಮಾತಾಡಬಾರದವರು. ಸೊಸೆಯಾದವಳು ಮಾವನ ಮುಖ ನೋಡಿ ಮಾತಾಡಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಏಕೆಂದರೆ ಯಾರೂ ಮಾತಾಡಿ ನೋಡಿಲ್ಲ. ಬೇಕಿದ್ದರೆ ಗೋಡೆಗೆ ಹೇಳು, ಕಂಬಕ್ಕೆ ಹೇಳು ಎಂದು ಹಿರಿಯರು ದಾರಿ ತೋರಿಸಿದ್ದಾರೆ. ಅಮಾಂಗ್ ಗೋಡೆಯನ್ನು ಒಪ್ಪಲಿಲ್ಲ, ದೊರೆಯನ್ನು ಒಪ್ಪಿದರು. ರಾತ್ರಿ ಮರ್ಯಾದೆ ಕಾಯಲು ಬಸಾರಿಯಾ ಅತ್ತೆ ನನ್ನ ಪಕ್ಕ ಬಂದು ಮಲಗುತ್ತಾರೆ, ಅಮಾಂಗ್ ಶೆಡ್ಡಿನಲ್ಲಿ. ಅತ್ತೆಯ ಗೊರಕೆ ಕೇಳಿದ ಯಾರೂ ಈ ಮನೆಯ ಮರ್ಯಾದೆಯ ಬಗ್ಗೆ ಅನುಮಾನ ಪಡುವುದಿಲ್ಲ. ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನಾನು, "ದೊರೇ, ಅಮಾಂಗ್‌ಗೆ ಹೇಳು, ಅನ್ನ ಆರ್ತಾ ಇದೆ." ಶೆಡ್ಡಿನಿಂದ, ನನ್ನನ್ನು ತಾಯಿ ಎಂದೇ ಕರೆಯುವ ಅವರು, "ದೊರೇ, ತಾಯಿಗೆ ಹೇಳು, ನಿನ್ನೆ ಮೀನಿಗೆ ಉಪ್ಪು ಜಾಸ್ತಿ ಆಯ್ತು. ಅದನ್ನ ಸರಿ ಮಾಡೋಕೆ ಹೋಗಿ ಇವತ್ತು ಹಾಕದೇ ಇರಬೇಡ ಅಂತ." ನಮ್ಮಿಬ್ಬರ ಮನೆ ಹೀಗೆ ಮೂರು ಚಕ್ರದ ಮೇಲೆ ನಡೆಯುತ್ತಿತ್ತು, ಎರಡು ದೊರೆಯವು, ಒಂದು ಪಕ್ಕದ ತೊಟ್ಟಿಲಿನದು.

ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಕೆಲಸ ಕಲಿಸಿದ್ದೂ ಹಾಗೆಯೇ. ನೀವು ನಗುತ್ತೀರಿ, ಆದರೆ ಈಗ ನಾನು ಸೂಜಿ ಇಳಿಸಬಲ್ಲೆ, ಪೆಟ್ರೋಲು ಹಾಯುವ ಜೆಟ್ಟು ಊದಬಲ್ಲೆ. ಅವರ ಕೈ ನಡುಗಲು ಶುರುವಾದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಗಾಡಿಗೆ ಹೇಳುತ್ತಿದ್ದರು: "ದೊರೇ, ಯಾರಾದ್ರೂ ಪುಣ್ಯಾತ್ಮರು ನಿನ್ನ ಆ ಗಾಳಿ ಸ್ಕ್ರೂನ ಕಾಲು ಸುತ್ತು ಬಿಚ್ಚಿದ್ರೆ ಬೇಡ ಅಂತೀಯಾ?" ಪುಣ್ಯಾತ್ಮಳಾದ ನಾನು ಬಿಚ್ಚುತ್ತಿದ್ದೆ. "ಅಯ್ಯೋ ದೊರೇ, ಕಾಲು ಅಂದ್ರೆ ಕಾಲು. ನಿನ್ನ ಪುಣ್ಯಾತ್ಮರಿಗೆ ಲೆಕ್ಕ ಬರಲ್ಲ." ಮದುವೆಮನೆಯಲ್ಲಿ ಪ್ರಾಸ ಕಟ್ಟಿ ಹರಸುವ ನಾಲಿಗೆ ಅವರದು, ಟ್ಯೂನಿಂಗಿಗೂ ಒಂದು ಕಟ್ಟಿದ್ದರು: ಗಾಳಿ ಮಿಕ್ಕಿದರೆ ಉರಿ, ಪೆಟ್ರೋಲು ಮಿಕ್ಕಿದರೆ ಕರಿ, ಎರಡೂ ಸಮ ಇದ್ದರೆ ಸರಿ. ಪ್ಲಗ್ಗು ಬಿಚ್ಚಿ ನೋಡಬೇಕು. ಬೆಳ್ಳಗಿದ್ದರೆ ಉರಿ, ಮಸಿ ಹಿಡಿದಿದ್ದರೆ ಕರಿ, ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಸರಿ. ಫಿಲ್ಟರ್ ನಿಮಗೆ ನೆನಪಿರಬೇಕು, ನೀವೇ ತೂತು ಕೊರೆದ ಹಾಲಿನ ಡಬ್ಬಿ. ಒಳಗೆ ಹಳೆ ಮನೆಗಳ ಛಾವಣಿಗೆ ಹಾಕುವ ಕರಿನಾರು, ಎಣ್ಣೆ ಸವರಿ ತುಂಬಿದ್ದು. ಮಾರುಕಟ್ಟೆಯ ಧೂಳೆಲ್ಲ ಆ ನಾರಿಗೆ ಅಂಟಿ ಇಂಜಿನ್ನಿಗೆ ಬರೀ ಗಾಳಿ ಹೋಗುತ್ತದೆ. ಮನುಷ್ಯರ ಮೂಗಿಗೂ ಇಂಥದೊಂದು ಡಬ್ಬಿ ಇದ್ದಿದ್ದರೆ ಎಂದು ನಾನೊಮ್ಮೆ ದೊರೆಯ ಹತ್ತಿರ ಹೇಳಿದ್ದೆ. ಅಮಾಂಗ್ ದೊರೆಯ ಹತ್ತಿರವೇ ನಕ್ಕರು.

ಮಳೆ ನಿಂತ ಮೇಲೆ ಒಂದು ಸಂಜೆ ಬೇಚಾ ಸ್ಟ್ಯಾಂಡಿನಿಂದ ಬಂದ ಅಮಾಂಗ್ ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು ಹೇಳಿದರು: "ದೊರೇ, ತಾಯಿಗೆ ಹೇಳು, ಗಾಳಿ ಸಾಲ್ತಾ ಇಲ್ಲ. ಏರು ಬಂದ್ರೆ ಎದೆ ಕಟ್ಟುತ್ತೆ." ನಾನು ಡಬ್ಬಿ ಬಿಚ್ಚಿದೆ. ನಾರು ಕೊಳೆಯಾಗಿತ್ತು, ಸುಳ್ಳಲ್ಲ. ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಹೊಸ ಎಣ್ಣೆ ಸವರಿ ಕೂರಿಸಿದೆ. ಮರುದಿನ ಸಂಜೆ ಅದೇ ಮಾತು: "ಇವತ್ತೂ ಹಂಗೇ. ಮಾರ್ಕೆಟ್ ಏರಲ್ಲಿ ನಿಲ್ಲಿಸಿ ಸುಧಾರಿಸ್ಕೋಬೇಕಾಯ್ತು. ಕೂತಿದ್ದ ಹೆಂಗಸು ಇಳಿದು ನಡ್ಕೊಂಡು ಹೋದ್ಲು." ಪ್ಲಗ್ಗು ಬಿಚ್ಚಿ ನೋಡಿದರೆ ಅಚ್ಚ ಕಾಫಿ ಬಣ್ಣ. ಪ್ಲಗ್ಗು ಒಂದು ಹೇಳುತ್ತದೆ, ಮಾವ ಒಂದು ಹೇಳುತ್ತಾರೆ; ಸೊಸೆಯಾದವಳು ಯಾರನ್ನು ನಂಬಬೇಕು? ಗಾಳಿ ಬೇಕೆಂದರಲ್ಲ, ಕೊಡೋಣ ಎಂದು ಪೆಟ್ರೋಲಿನ ಸೂಜಿಯನ್ನು ಒಂದು ಕಚ್ಚು ಇಳಿಸಿದೆ. ಸ್ಕ್ರೂ ಬಿಚ್ಚಿದೆ. ದೊರೆ ಕಾರ್ಬೊರೇಟರಿನ ಬಾಯಿಂದ ಫಟ್ ಫಟ್ ಎಂದು ಉಗಿಯತೊಡಗಿದ. "ದೊರೇ, ತಾಯಿಗೆ ಹೇಳು, ಈಗ ಕೆಮ್ಮೂ ಶುರುವಾಗಿದೆ. ಮಲಗಿದ್ರೆ ಜಾಸ್ತಿ, ಎದ್ದು ಕೂತ್ರೆ ಸುಮಾರು." ಗಾಡಿ ಓರೆಯಾದಾಗ ಕಾರ್ಬೊರೇಟರಿನ ಬಟ್ಟಲಿಂದ ಪೆಟ್ರೋಲು ಉಕ್ಕುತ್ತಿರಬೇಕೆಂದು ನಾನು ಇಡೀ ಬೆಳಿಗ್ಗೆ ಆ ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲು ತಡೆಯುವ ಮುಳ್ಳು ತಿಕ್ಕುತ್ತ ಕೂತೆ. ಪಕ್ಕದಲ್ಲಿ ತೊಟ್ಟಿಲು ಕಟ್ಟಿಕೊಂಡ ಮೂರು ಚಕ್ರದ ಗಾಡಿ ಯಾವ ಜನ್ಮದಲ್ಲಿ ಮಲಗಿತ್ತು ಎಂದು ಕೇಳಿಕೊಳ್ಳಲಿಲ್ಲ. "ಸಂಜೆ ಹೊತ್ತಿಗೆ ಕಾಲು ಊದುತ್ತೆ" ಎಂದ ದಿನ ಟೈರುಗಳನ್ನು ಒತ್ತಿ ಒತ್ತಿ ನೋಡಿದೆ.

ಓಣಿಯವರು ಸುಮ್ಮನಿರುತ್ತಾರೆಯೇ? ಸ್ಟ್ಯಾಂಡಿನ ಎದುರು ರಿಪೇರಿ ಮಾಡುವ ತೋಗಾಪ್ ಭಾವ ಬಂದು, ಇಂಜಿನ್ನಿಗೂ ಕಾರ್ಬೊರೇಟರಿಗೂ ನಡುವಿನ ಸಂದಿಗೆ ಎಣ್ಣೆ ಹನಿಸಿ, ತಲೆ ಓರೆ ಮಾಡಿ ಕೇಳಿ, "ಗಾಳಿ ಹೊಕ್ಕಿದೆ" ಎಂದು ತೀರ್ಪು ಕೊಟ್ಟ. "ಯಾರು ಕೈ ಹಾಕಿದ್ದು ಇದಕ್ಕೆ? ಹೆಂಗಸರು ಸೂಜಿ ಹಿಡಿದ್ರೆ ಬಟ್ಟೆ ಹೊಲೀಬೇಕು." ನಾನು, "ನೀನು ಹೊಲಿದ ಸೀಟು ಹತ್ತಿದವರ ಪ್ಯಾಂಟು ನಾವೇ ಹೊಲಿಯೋದು ಭಾವ" ಎಂದೆ. ಅವನು ಹೊಸ ಪ್ಯಾಕಿಂಗ್ ಹಾಕಿ ಹೋದ. ಅದೇ ಸಂಜೆ ಅಮಾಂಗ್ ಮುಖ ಬೂದಿಯಾಗಿ ಕೂತಿದ್ದನ್ನು ಕಂಡು ಬಸಾರಿಯಾ ಅತ್ತೆಯ ಗಂಡ ಅವರ ಬೆನ್ನಿಗೆ ಎಣ್ಣೆ ಹಚ್ಚಿ, ನಮ್ಮ ಹಳೇ ಮದ್ದಿನಂತೆ ನಾಣ್ಯದಿಂದ ಕೆರೆದರು, ಬೆನ್ನ ತುಂಬ ಕೆಂಪು ಗೆರೆ ಎದ್ದವು. ಅವರದೂ ಅದೇ ತೀರ್ಪು: "ಗಾಳಿ ಹೊಕ್ಕಿದೆ." ಒಂದೇ ದಿನ, ಒಂದೇ ಮನೆ, ಇಬ್ಬರು ರೋಗಿಗಳು, ಒಂದೇ ಕಾಯಿಲೆ. ಆ ದಿನ ನಾನು ಅದನ್ನು ತಮಾಷೆ ಎಂದುಕೊಂಡೆ. ಸ್ಟ್ಯಾಂಡಿನ ಗಂಡಸರಿಗೆ ಅಮಾಂಗ್ ಏನೂ ಹೇಳಿರಲಿಲ್ಲ. ಏದುಸಿರು ಬಿಡುವವನ ಬೇಚಾ ಯಾರು ಹತ್ತುತ್ತಾರೆ? ಕಳ್ಳಂಗಡಿಯಲ್ಲೂ ಹೇಳಿರಲಿಲ್ಲ, ಅಲ್ಲಿ ಹೇಳಿದರೆ ಅದಕ್ಕೊಂದು ಹಾಡು ಹುಟ್ಟುತ್ತದೆ. ಮನೆಯವರಿಗೆ ಮಾತ್ರ ಹೇಳಿದ್ದರು. ಮನೆಯವರೆಂದರೆ ನಾನು.

ಕೊನೆಗೆ ಡಬ್ಬಿಯನ್ನೇ ಕಿತ್ತುಹಾಕಿದೆ. ದೊರೆ ತೆರೆದ ಬಾಯಲ್ಲಿ ಬುಸುಗುಡುತ್ತ ಊರಿನ ಗಾಳಿಯನ್ನೆಲ್ಲ ಎಳೆದುಕೊಂಡ. ಆ ದಿನ ಅಮಾಂಗ್, "ಇವತ್ತು ಪರವಾಗಿಲ್ಲ ಅನ್ಸುತ್ತೆ" ಎಂದರು. ನಾನು ಮೀನಿಗೆ ಮಸಾಲೆ ಅರೆದೆ, ಹಾಡು ಗುನುಗಿದೆ. ಮರುದಿನ ಮತ್ತೆ ಸಾಲದು. ಆಗ ನನಗೆ ಸಿಟ್ಟೇ ಬಂತು. ಹೋದ ತಿಂಗಳು ಒಂದು ಭಾನುವಾರ ಚರ್ಚಿನಿಂದ ಬಂದವಳೇ ಎಲ್ಲವನ್ನೂ ಮೊದಲಿದ್ದಲ್ಲಿಗೆ ತಂದೆ. ಸೂಜಿ ಮೇಲೆ, ಸ್ಕ್ರೂ ಒಳಗೆ, ಡಬ್ಬಿ ಅದರ ಜಾಗದಲ್ಲಿ. ಮೊದಲ ಕಿಕ್ಕಿಗೇ ದೊರೆ ಎದ್ದ. ಅಬಾಂಗ್, ನೀವು ಆ ಸದ್ದು ಕೇಳಬೇಕಿತ್ತು. ಒಂದೊಂದು ಪೆಟ್ಟೂ ಎಣಿಸುವ ಹಾಗೆ, ಭತ್ತ ಕುಟ್ಟಿದ ಹಾಗೆ, ಧಕ್, ಧಕ್, ಧಕ್. ಉರಿ ಇಲ್ಲ, ಕರಿ ಇಲ್ಲ, ಸರಿ. ಸ್ಟೂಲಿನ ಮೇಲಿದ್ದ ಅಮಾಂಗ್ ಮುಂದಕ್ಕೆ ಬಾಗಿ ಹ್ಯಾಂಡಲ್ಲು ಹಿಡಿದುಕೊಂಡರು. ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು. "ದೊರೇ, ತಾಯಿಗೆ ಹೇಳು, ಇನ್ನೂ ಗಾಳಿ ಸಾಲ್ತಾ ಇಲ್ಲ ಅಂತ." ಅವರು ಹಾಗೆ ಹೇಳುತ್ತಿರುವಾಗಲೇ ದೊರೆ ಸಮವಾಗಿ ಉಸಿರಾಡುತ್ತಿದ್ದ. ನಾನು ಇಂಜಿನ್ ಆರಿಸಿದೆ. ಸದ್ದು ನಿಲ್ಲಲಿಲ್ಲ. ಒಂದು ಸೀಟಿ, ಅದರ ಹಿಂದೆ ನೀರು ಕುದಿಯುವಂಥ ಗುಳುಗುಳು. ಶೆಡ್ಡಿನಲ್ಲಿ ಆಗ ಉಸಿರಾಡುತ್ತಿದ್ದವರು ಅವರೊಬ್ಬರೇ.

ಆಸ್ಪತ್ರೆಗೆ ತೋಗಾಪ್ ಭಾವನೇ ದೊರೆಯನ್ನು ಓಡಿಸಿದ, ಅಮಾಂಗ್ ತೊಟ್ಟಿಲಲ್ಲಿ ಕೂತರು, ನಾನು ಬಸಾರಿಯಾ ಅತ್ತೆಯ ಜೊತೆ ಹಿಂದೆ ಬೇರೆ ಬೇಚಾದಲ್ಲಿ ಹೋದೆ. ಆಸ್ಪತ್ರೆಯ ಡಾಕ್ಟರು ಜಾವಾದ ಕಡೆಯವರು, ಒಳ್ಳೆಯವರು. "ನಿಮ್ಮ ಮಾವನ್ನ ಕೇಳಮ್ಮ, ಮಲಗಿದಾಗ ಕೆಮ್ಮು ಬರುತ್ತಾ?" ನಾನು ನರ್ಸಿನ ಕಡೆ ತಿರುಗಿ, "ಸಿಸ್ಟರ್, ಅಮಾಂಗ್‌ಗೆ ಕೇಳಿ" ಎಂದೆ. ಅಮಾಂಗ್ ಗೋಡೆಯ ಕಡೆ ತಿರುಗಿದರು. ಡಾಕ್ಟರು ಇಬ್ಬರನ್ನೂ ನೋಡಿ, "ಯಾಕೆ, ಜಗಳವಾ?" ಎಂದರು. ನರ್ಸು ನಮ್ಮವಳು. "ಇಲ್ಲ ಸರ್, ಗೌರವ" ಎಂದಳು. "ಗೌರವ ಸ್ವಲ್ಪ ಕಮ್ಮಿ ಇದ್ದಿದ್ರೆ ಮುಂಚೆನೇ ಬರ್ತಿದ್ರಿ" ಎಂದರು ಡಾಕ್ಟರು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಎಲ್ಲ ನನಗೆ ಬಾಯಿಪಾಠವಿತ್ತು. ಏರಿನಲ್ಲಿ ಎದೆ ಕಟ್ಟುತ್ತದೆ, ಮಲಗಿದರೆ ಕೆಮ್ಮು, ಎದ್ದು ಕೂತರೆ ಸುಮಾರು, ಸಂಜೆಗೆ ಕಾಲು ಊದುತ್ತದೆ. ನಾನು ಒಂದೊಂದೇ ಹೇಳಿದೆ, ಡಾಕ್ಟರು ತಲೆಯಾಡಿಸುತ್ತ ಬರೆದುಕೊಂಡರು. ಅಮಾಂಗ್ ಗೋಡೆಯಿಂದ ಮುಖ ತಿರುಗಿಸಲಿಲ್ಲ, ಆದರೆ ಅವರ ಕಿವಿ ಕೆಂಪಾಯಿತು. ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದಾಗ ಬಸಾರಿಯಾ ಅತ್ತೆ, "ಅದು ಮೊದಲಿಂದಲೂ ಹಾಗೇ" ಎಂದರು. ಅದರ ವಾಲ್ವು ಸವೆದಿದೆಯಂತೆ, ಶ್ವಾಸಕೋಶದಲ್ಲಿ ನೀರು ನಿಂತಿದೆಯಂತೆ. ಮೇದಾನ್‌ನ ದೊಡ್ಡ ಆಸ್ಪತ್ರೆಗೆ ಹೋದರೆ ಏನಾದರೂ ಮಾಡಿಯಾರು, ಹೋಗದಿದ್ದರೆ ಕ್ರಿಸ್ಮಸ್ ನೋಡುವುದು ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಗಾಳಿ ಮಿಕ್ಕಿದರೆ ಉರಿ, ಪೆಟ್ರೋಲು ಮಿಕ್ಕಿದರೆ ಕರಿ. ನೀರು ಮಿಕ್ಕಿದರೆ? ವಾಪಸು ಬರುವ ದಾರಿಯುದ್ದಕ್ಕೂ ಪ್ರಾಸ ಹುಡುಕಿದೆ. ಕುರಿ ಸಿಕ್ಕಿತು, ಮರಿ ಸಿಕ್ಕಿತು, ಕೂತು ಅಳಲು ಆಗುವಂಥದು ಯಾವುದೂ ಸಿಗಲಿಲ್ಲ.

ಈಗ ಅಮಾಂಗ್ ಶೆಡ್ಡಿನಲ್ಲೇ ದಿಂಬುಗಳಿಗೆ ಒರಗಿ ಕೂತಿರುತ್ತಾರೆ, ಎದುರಿಗೆ ದೊರೆ. ಮಾತ್ರೆ ನುಂಗುತ್ತಾರೆ. ಮೇದಾನ್ ಮಾತ್ರ ನುಂಗುವುದಿಲ್ಲ. "ದೊರೇ, ಅಮಾಂಗ್‌ಗೆ ಹೇಳು, ನಾಳೆ ಬಸ್ಸಿಗೆ ಹೋಗೋಣ" ಎಂದರೆ, "ದೊರೇ, ನಿನ್ನ ಕಾಲದ ವಾಲ್ವು ಮೇದಾನ್‌ನಲ್ಲಿ ಸಿಗಲ್ಲ ಅಂತ ತಾಯಿಗೆ ಹೇಳು." "ದೊರೇ, ಹೊಸದು ಹಾಕ್ತಾರಂತೆ." "ಹಳೇ ಗಾಡಿಗೆ ಹೊಸ ವಾಲ್ವು ಹಾಕಿದ್ರೆ ಮಿಕ್ಕಿದ್ದೆಲ್ಲ ನಾಚ್ಕೊಂಡು ಉದುರುತ್ತೆ." ಹೇಳಿ ನಗುತ್ತಾರೆ, ನಕ್ಕಿದ್ದಕ್ಕೆ ಕೆಮ್ಮುತ್ತಾರೆ, ಕೆಮ್ಮಿದ್ದಕ್ಕೆ ದೊರೆಯನ್ನು ಬೈಯುತ್ತಾರೆ. ಅಬಾಂಗ್, ನಡುವೆ ದೊರೆ ಇರುವವರೆಗೆ ಅವರು ಅವನ ಹಿಂದೆ ಅಡಗಿಕೊಳ್ಳುತ್ತಾರೆ. ನಾನು ಅವರ ವಿಷಯ ಹೇಳಿದರೆ ಅವರು ಗಾಡಿಯ ವಿಷಯ ಹೇಳುತ್ತಾರೆ. ಮೊದಲು ನಾನು ತಪ್ಪಾಗಿ ಕೇಳಿಸಿಕೊಂಡದ್ದನ್ನು ಈಗ ಅವರು ಬೇಕೆಂದೇ ಹೇಳುತ್ತಾರೆ. ಮನೆತನದ ಹಿರಿಯರಾದ ನಿಮ್ಮ ದೊಡ್ಡಪ್ಪ ಬಂದು ನೋಡಿ, "ಮಗ ಬರಲಿ, ಮಗ ಹೇಳಿದ್ರೆ ಹೋಗ್ತಾನೆ" ಎಂದರು. ಮಗ ಯಾವ ಸಮುದ್ರದಲ್ಲಿದ್ದಾನೆ ಎಂದು ಕೇಳಿದೆ. "ನೀರಿಗೆಲ್ಲ ಒಂದೇ ಹೆಸರು" ಎಂದು ಕಾಫಿ ಕುಡಿದು ಹೋದರು. ನೀವು ದೊಡ್ಡಪ್ಪನಿಗೆ ಒಂದು ಸಾಲು ಬರೆಯಿರಿ, ನನ್ನ ಹೆಂಡತಿ ನನ್ನ ಬಾಯಾಗಿ ನನ್ನ ಅಪ್ಪನ ಹತ್ತಿರ ಮಾತಾಡಲಿ ಎಂದು. ಮಗ ಒಪ್ಪಿದರೆ ಹಿರಿಯರು ಗೊಣಗಿಯಾದರೂ ಒಪ್ಪುತ್ತಾರೆ. ಈ ಕಾಗದ ನಿಮಗೆ ತಲುಪಿ, ನಿಮ್ಮ ಸಾಲು ಇಲ್ಲಿಗೆ ತಲುಪುವ ಹೊತ್ತಿಗೆ ಏನು ಉಳಿದಿರುತ್ತದೆ ಎಂದು ನನಗೂ ಗೊತ್ತು. ಆದರೂ ಬರೆಯಿರಿ.

ಬಸಾರಿಯಾ ಅತ್ತೆ ನಿಮ್ಮನ್ನು ಕೇಳಿದರು, ಒಣಮೀನೂ ಕೇಳಿದರು. ತೋಗಾಪ್ ಭಾವ ಬಂದರಿನ ಗುಜರಿಯಲ್ಲಿ ಹಳೇ ಜೆಟ್ಟು ಸಿಕ್ಕರೆ ತನ್ನಿ ಎಂದಿದ್ದಾನೆ. ಅಂಗೈಗೆ ಬಟ್ಟೆ ಸುತ್ತಿಕೊಳ್ಳದೆ ಹಗ್ಗ ಹಿಡಿಯಬೇಡಿ. ದೇವರು ನಿಮ್ಮ ಬಲೆ ತುಂಬಿಸಲಿ, ಹೊಟ್ಟೆ ತುಂಬಿಸಲಿ, ಹಡಗಿಗೆ ಮಾತ್ರ ನೀರು ತುಂಬಿಸದಿರಲಿ.

ನಿಮ್ಮ,
ಲಮ್ರಿಯಾ

ಮತ್ತೊಂದು ಮಾತು: ಸೋಮವಾರ ಬೆಳಿಗ್ಗೆ. ಅಂಚೆ ಹೊರಡುವುದರೊಳಗೆ ಬರೆಯುತ್ತಿದ್ದೇನೆ, ಅಕ್ಷರ ಓಡಿದ್ದಕ್ಕೆ ಬೇಸರಿಸಬೇಡಿ. ದೊಡ್ಡಪ್ಪನಿಗೆ ಸಾಲು ಬರೆಯುವುದು ಬೇಡ. ನಾನು ಮಾತಾಡಿದೆ. ಕಾಲು ತೊಳೆಯುವ ನೀರು ತಂದಿಟ್ಟು, ದೊರೆಗೆ ಬೆನ್ನು ಹಾಕಿ ನಿಂತು, ಮುಖ ನೋಡಿಯೇ ಹೇಳಿದೆ: "ಅಮಾಂಗ್, ಏಳಿ. ಮೇದಾನ್‌ಗೆ ಹೋಗೋಣ. ಗಾಡಿ ಸರಿಯಾಗಿದೆ, ನಿಮ್ಮ ವಿಷಯ ಹೇಳ್ತಿದೀನಿ." ಗುಡುಗಲಿಲ್ಲ, ಭೂಮಿ ಬಿರಿಯಲಿಲ್ಲ, ಕೋಳಿ ಕೂಗಿತು. ಅವರು ನನ್ನನ್ನು ನೋಡಿದರು. ಅವರ ಎಡಗಣ್ಣು ನಿಮ್ಮದರ ಹಾಗೇ ಸ್ವಲ್ಪ ಚಿಕ್ಕದು, ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಆಮೇಲೆ ನನ್ನ ಹೆಗಲ ಮೇಲಿಂದ ಹಿಂದಕ್ಕೆ ದೃಷ್ಟಿ ಹಾಯಿಸಿ, ಮೆಲ್ಲಗೆ ಹೇಳಿದರು: "ದೊರೇ, ತಾಯಿಗೆ ಹೇಳು, ನನಗೇನೂ ಕೇಳಿಸಲಿಲ್ಲ ಅಂತ." ಒಂದೇ ಮಾತಿನಲ್ಲಿ ನನ್ನ ತಪ್ಪನ್ನೂ ಮುಚ್ಚಿದರು, ಮೇದಾನ್‌ನ ಬಾಗಿಲನ್ನೂ ಮುಚ್ಚಿದರು. ಬೇಗ ಬನ್ನಿ ಎಂದು ಬರೆಯುವುದಿಲ್ಲ, ಹಡಗು ನಿಮ್ಮ ಮಾತು ಕೇಳುವಂಥದಲ್ಲ. ನೀವು ಬರುವ ಹೊತ್ತಿಗೆ ಶೆಡ್ಡಿನಲ್ಲಿ ದೊರೆ ಒಬ್ಬನೇ ಇರುತ್ತಾನೆ. ನಾರು ತೊಳೆದಿಟ್ಟಿರುತ್ತೇನೆ, ಮೊದಲ ಕಿಕ್ಕಿಗೇ ಏಳುತ್ತಾನೆ. ಅಪ್ಪನಿಗೆ ಹೇಳುವುದೇನಾದರೂ ಇದ್ದರೆ ಅವನಿಗೆ ಹೇಳಿ.